ಏನಂದ, ಕನ್ನಿಯಮ್ಮಾ?

ಬಳ್ಳಾರಿ ಕೌಲ್ ಬಜಾರಿನ ದಂಡಪಾಣಿ ಟಾಕೀಸಿಗೆ
ಆ ತಮಿಳು ಚಿತ್ರ ಬಂದದ್ದು ಏಪ್ರಿಲ್ಲಿನಲ್ಲಿ,
ಗುಡ್ಡದ ಬಂಡೆ ರಾತ್ರಿ ಎರಡಕ್ಕೂ ಬಿಸಿಯಿರುವ ಕಾಲ.
ಪೋಸ್ಟರಿನ ಮೇಲೆ ಹೊಸ ಹೆಸರಿನ ಚೀಟಿ ಮೆತ್ತಿದ್ದರು.
ಮೂರೇ ದಿನಕ್ಕೆ ಮೈದಾ ಅಂಟು ಒಣಗಿ, ಸಿಪ್ಪೆಯೆದ್ದು
ಹಳೇ ಹೆಸರು ಇಣುಕಿತು.
ಮ್ಯಾನೇಜರ್ ಏಕಾಂಬರಂ ಏಣಿ ಹತ್ತಿ ಮತ್ತೆ ಮೆತ್ತಿದ.
ಮತ್ತೆ ಎದ್ದಿತು.

ಎರಡು ವರ್ಷ ಡಬ್ಬಿಯಲ್ಲೇ ಕೂತಿದ್ದ ಚಿತ್ರ ಅದು.
ಮದರಾಸಿನಲ್ಲಿ ನಿರ್ಮಾಪಕ ಕೋರ್ಟಿನ ಮೆಟ್ಟಿಲ ಮೇಲೆ
ಮೂರು ಜೊತೆ ಚಪ್ಪಲಿ ಸವೆಸಿದನಂತೆ.
ಮಂಡಳಿಯವರು ಒಂದು ಸಲ ನೋಡಿ ನಕ್ಕರಂತೆ,
ನಕ್ಕದ್ದಕ್ಕೆ ಹೆದರಿ ಇನ್ನೊಂದು ಸಲ ನೋಡಿದರಂತೆ.
ಕಡೆಗೆ ಬಿಟ್ಟರು,
ಹದಿನಾಲ್ಕು ಕಡೆ ಕತ್ತರಿ ಆಡಿಸಿ.

ಕತೆ ಇಷ್ಟು: ಕೊಡೆ ರಿಪೇರಿಯವನೊಬ್ಬ
ತಪ್ಪು ಬಾಗಿಲು ತೆರೆದು ಮಂತ್ರಿಯಾಗುತ್ತಾನೆ,
ಮಳೆಯಿಲ್ಲದ ಊರಿಗೆ ಕೊಡೆ ಹಂಚುತ್ತಾನೆ.
ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.
ಕಡೆಯ ರೀಲಿನಲ್ಲಿ, ವೇದಿಕೆ ಮೇಲೆ, ಮೈಕು ಹಿಡಿದು
ಒಂದು ಮಾತು ಹೇಳುತ್ತಾನೆ.
ಆ ಮಾತಿಗೆ ದನಿಯಿಲ್ಲ.
ತುಟಿ ಆಡುತ್ತದೆ, ಗಂಟಲ ಗುಣಿ ಏರಿಳಿಯುತ್ತದೆ,
ಕೇಳುವುದು ಪ್ರೊಜೆಕ್ಟರಿನ ಗರಗರ,
ಮೇಲೆ ಫ್ಯಾನಿನ ಕಿರ್ರು.

ನಮ್ಮ ಬೆಂಚಿನಲ್ಲಿ ತಮಿಳು ಬರುತ್ತಿದ್ದದ್ದು
ಚಿತ್ತಿ ಕನ್ನಿಯಮ್ಮನಿಗೆ ಮಾತ್ರ.
ಎಡಕ್ಕೆ ಮಾಬುನ್ನಿ, ಬಲಕ್ಕೆ ಸುಂಕಲಮ್ಮ,
ಹಿಂದೆ ಜೀನ್ಸಿಗೆ ಗುಂಡಿ ಹಚ್ಚುವ ಹುಲಿಗೆಮ್ಮ.
ಒಂದು ಕಿವಿಗೆ ಉರ್ದು, ಒಂದಕ್ಕೆ ತೆಲುಗು,
ಕನ್ನಡ ಎಲ್ಲರಿಗೂ.
ಬಾಯಲ್ಲಿ ಎಲೆಯಡಿಕೆ, ತೊಡೆ ಮೇಲೆ ನಾನು.
ದನಿ ಹೋದದ್ದೇ ಸಾಲು ಪೂರ್ತಿ ಇವಳ ಕಡೆ ತಿರುಗಿತು:
"ಏನಂದ, ಕನ್ನಿಯಮ್ಮಾ?"

ಚಿತ್ತಿ ಎಲೆಯಡಿಕೆಯನ್ನು ದವಡೆ ಬದಲಿಸಿದಳು.
"ನಳದಾಗ ನೀರು ಯಾಕಿಲ್ಲಂದ್ರ,
ನಳದ ಉದ್ಘಾಟನೆ ಆಗೈತಿ,
ನೀರಿನ ಉದ್ಘಾಟನೆ ಇನ್ನೂ ಬಾಕಿ ಐತಿ ಅಂತಾನ."

ಮರುದಿನ ಅದೇ ಹೆಂಗಸರು, ಅದೇ ಬೆಂಚು, ಅದೇ ಮೌನ.
"ಅಕ್ಕಿಯಾಗ ಕಲ್ಲು ಯಾಕಂದ್ರ,
ಬಡವರಿಗೆ ಮನಿ ಕೊಡ್ತೀವಿ ಅಂದಿದ್ವಲ್ಲ,
ಸ್ವಲ್ಪ ಸ್ವಲ್ಪ ಕೊಡಾಕತ್ತೀವಿ ಅಂತಾನ."
ಮೂರನೆಯ ರಾತ್ರಿ ಅವನಂದದ್ದು ಅದಿರಿನ ಬಗ್ಗೆ.
ಅದನ್ನು ಇಲ್ಲಿ ಬರೆಯಲಾರೆ.
ಆ ಮನೆತನದವರು ಈಗಲೂ ಇದ್ದಾರೆ.

ಗಂಡಸರು ಅಡ್ಡಗೋಡೆಗೆ ಕಿವಿಯಿಟ್ಟು ಕೂರತೊಡಗಿದರು.
ತೆರೆಯ ಮೇಲೆ ಮೌನ ಬಂದರೆ ಸಾಕು,
ಯಾರೂ ಏನೂ ಹೇಳುವ ಮೊದಲೇ ಟಾಕೀಸು ನಗುತ್ತಿತ್ತು.

ಹತ್ತನೇ ದಿನ ಎಸ್ಸೈ ಬಂದ, ಕಡತ ಬಿಚ್ಚಿದ.
ಚಿತ್ರದಲ್ಲಿ ಮಾತಿಲ್ಲ. ಪ್ರಮಾಣಪತ್ರ ಸರಿಯಿದೆ.
ಜನ ನಗುತ್ತಾರೆ, ಅದೂ ಮಾತಿಲ್ಲದ ಕಡೆ.
ಯಾವ ಕಲಮಿನಡಿ ಬರೆಯುವುದು?
"ದಿನಾ ಅವ ಏನಂದ ಅಂತ ಹೇಳ್ತೀಯವ್ವ ನೀನು?"
"ನನಗೇನು ಗೊತ್ತು ಸ್ವಾಮಿ,
ಅದನ್ನ ಕೇಳಿಸಿಕೊಂಡವರು ಕತ್ತರಿ ಹಿಡಿದವರೊಬ್ಬರೇ.
ಅವರನ್ನ ಕೇಳ್ಕೊಂಡು ಬಂದು ನಮಗೂ ಒಂದೀಟು ಹೇಳ್ರಿ."
ಪೇದೆ ಜಂಬಣ್ಣ ಮುಖ ತಿರುಗಿಸಿ ಕೆಮ್ಮಿದ.
ಬಹಳ ಹೊತ್ತು ಕೆಮ್ಮಿದ.

ಹನ್ನೊಂದನೇ ದಿನ ಚಿತ್ರ ಎತ್ತಿದರು.
ಬಾಗಿಲಿಗೆ ಬೋರ್ಡು: ಕರೆಂಟಿಲ್ಲ.
ಬೋರ್ಡಿನ ಮೇಲೆ ಬಲ್ಬು ಉರಿಯುತ್ತಿತ್ತು.

ಹೋದ ತಿಂಗಳು ಕತ್ತರಿ ತಾಗದ ಪ್ರತಿ ಸಿಕ್ಕಿತು, ಫೋನಿನಲ್ಲಿ.
ಚಿತ್ತಿಗೆ ಈಗ ಎಂಬತ್ತೊಂದು.
ಎಲೆಯಡಿಕೆ ಬಿಟ್ಟಿದ್ದಾಳೆ, ದವಡೆ ಬಿಟ್ಟಿಲ್ಲ.
ಪಕ್ಕ ಕೂರಿಸಿಕೊಂಡು ಹಚ್ಚಿದೆ.
ಕಡೆಯ ರೀಲು. ವೇದಿಕೆ. ಮೈಕು.
ಅವನು ಬಾಯಿ ತೆರೆಯುವಷ್ಟರಲ್ಲಿ
ಚಿತ್ತಿ ಹೆಬ್ಬೆರಳಿಂದ ಫೋನಿನ ದನಿಕಿಂಡಿ ಒತ್ತಿ ಮುಚ್ಚಿದಳು.
ಹೊರಗೆ ಲಾರಿಯೊಂದು ಹೋಯಿತು,
ಕಿಟಕಿಯಿಂದ ಕೆಂಪು ಧೂಳು ಒಳಗೆ ಬಂತು.
"ತಡಿ," ಅಂದಳು,
"ಇವತ್ತಿಂದು ನೆನಸಿಕೊಳ್ಳಾಕತ್ತೀನಿ."